ಮೂರು ವಾರದ ಮೇಷ್ಟ್ರು, ಎರಡು ವರ್ಷದ ಮೇಷ್ಟ್ರು

ವರ್ಗಾವಣೆ ಆರ್ಡರು ಕೈಗೆ ಬಂದ ಕೂಡಲೇ ಗೊಣಗುತ್ತ ಟ್ರಂಕು ಕಟ್ಟಿ ಬಸ್ಸು ಹತ್ತುವ ಮೇಷ್ಟ್ರುಗಳನ್ನು ನಾವೆಲ್ಲ ಕಂಡಿದ್ದೇವೆ. ಊರು ಬದಲಾದರೂ ತಿಂಗಳ ಸಂಬಳ ಬದಲಾಗುವುದಿಲ್ಲ ಎಂಬ ಧೈರ್ಯವಾದರೂ ಅವರಿಗಿರುತ್ತದೆ. ಆದರೆ ದೇಶವನ್ನೂ ಬಿಟ್ಟು, ಸಂಬಳವನ್ನೂ ಬಿಟ್ಟು, ಯಾರದೋ ಮಕ್ಕಳಿಗೆ ಎ ಬಿ ಸಿ ಡಿ ಹೇಳಿಕೊಡಲು ಹೋಗುವವರೂ ಇದ್ದಾರೆ. ಇವರಿಗೆ ಸ್ವಯಂಸೇವಕರು ಅಂತ ಹೆಸರು. ಇವರ ದಿನ ಹೇಗೆ ಕಳೆಯುತ್ತೆ? ಇವರಿಂದ ಆ ಮಕ್ಕಳಿಗೆ ಏನು ದಕ್ಕುತ್ತೆ? ನೇಪಾಳದ ಉದಾಹರಣೆ ತಗೊಂಡು ನೋಡೋಣ. ಇಂಥ ಮೇಷ್ಟ್ರುಗಳಿಂದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಂಡುಂಡ ದೇಶ ಅದು.

ಇದು ಇವತ್ತು ನಿನ್ನೆಯ ಸಂಗತಿ ಅಲ್ಲ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ‘ಪೀಸ್ ಕೋರ್’ ಎಂಬ ಸೇವಾದಳ ಕಟ್ಟಿದರು. ಅದರ ಹುಡುಗ ಹುಡುಗಿಯರು 1961ರಿಂದ 1976ರವರೆಗೆ ಭಾರತದಲ್ಲೂ ಇದ್ದರು. ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದಿದ್ದರು. ಕೋಳಿ ಸಾಕಣೆ, ಬೇಸಾಯ ಅಂತ ಓಡಾಡುತ್ತಿದ್ದ ಬಿಳಿಯರನ್ನು ಹಳೇ ತಲೆಗಳು ನೆನಪಿಟ್ಟಿರಬಹುದು. ನೇಪಾಳಕ್ಕೆ ಈ ದಳ ಕಾಲಿಟ್ಟದ್ದು 1962ರಲ್ಲಿ. ಅಲ್ಲಿ ಅನೇಕರು ಮಾಡಿದ್ದು ಮೇಷ್ಟ್ರ ಕೆಲಸ.

ಬೆಳಿಗ್ಗೆಯೇ ಊಟ

ಗುಡ್ಡಗಾಡಿನ ಹಳ್ಳಿಯಲ್ಲಿ ಈ ಮೇಷ್ಟ್ರಿಗೆ ಬೇರೆ ಮನೆ ಇರೋದಿಲ್ಲ. ಊರಿನ ಒಂದು ಸಂಸಾರದ ಜೊತೆಗೇ ವಾಸ. ಬೆಳಕು ಹರಿಯುವ ಮೊದಲೇ ಮನೆ ಏಳುತ್ತೆ. ಊರ ನಲ್ಲಿಯ ಹತ್ತಿರ ಸರದಿ ನಿಂತು ಸ್ನಾನ. ಒಂದು ಲೋಟ ಚಹಾ. ಒಂಬತ್ತು ಗಂಟೆ ಸುಮಾರಿಗೆ ತಟ್ಟೆ ತುಂಬ ಅನ್ನ, ಬೇಳೆ, ಪಲ್ಯ. ತಿಂಡಿ ಅಲ್ಲ ಸ್ವಾಮಿ, ಊಟವೇ! ಇಂಥದ್ದೇ ಊಟ ಮತ್ತೆ ಸಿಗೋದು ರಾತ್ರಿಗೆ. ನಡುವೆ ಹಸಿವಾದರೆ ಅವಲಕ್ಕಿ.

ಹತ್ತು ಗಂಟೆಗೆ ಶಾಲೆ. ಮಕ್ಕಳು ಗಂಟೆಗಟ್ಟಲೆ ಗುಡ್ಡ ಹತ್ತಿ ಇಳಿದು ಬರ್ತಾರೆ. ವಾರದ ರಜೆ ಶನಿವಾರ; ಬಹುಕಾಲ ಭಾನುವಾರವೂ ಅಲ್ಲಿ ಪಾಠ ನಡೆಯುತ್ತಿತ್ತು. ಒಂದೊಂದು ಬೆಂಚಿನಲ್ಲಿ ಐದಾರು ಮಕ್ಕಳು, ಗೋಡೆಗೆ ಒಂದು ಕರೀ ಹಲಗೆ. ಮೇಷ್ಟ್ರು ಒಂದು ವಾಕ್ಯ ಹೇಳಿದರೆ ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗುತ್ತೆ. ಅರ್ಥ ಕೇಳಿದರೆ ಮಾತ್ರ ನಿಶ್ಶಬ್ದ.

ಇಲ್ಲಿಂದ ಮೇಷ್ಟ್ರ ನಿಜವಾದ ಕೆಲಸ ಶುರು. ನೇಪಾಳದಲ್ಲಿ 120ಕ್ಕೂ ಹೆಚ್ಚು ಭಾಷೆಗಳಿವೆ. ಮಗು ಮನೆಯಲ್ಲಿ ತಮಾಂಗ್ ಭಾಷೆಯನ್ನೋ, ಥಾರು ಭಾಷೆಯನ್ನೋ ಆಡುತ್ತೆ. ಶಾಲೆಯಲ್ಲಿ ನೇಪಾಳಿ ಕಲಿಯಬೇಕು. ಅದರ ಮೇಲೆ ಇಂಗ್ಲಿಷು! ಆ ಇಂಗ್ಲಿಷಿನಲ್ಲಿ ಫೇಲಾದರೆ ಹತ್ತನೇ ತರಗತಿಯ ಪರೀಕ್ಷೆ ಹೋಯಿತು, ಮುಂದಿನ ಓದು, ನೌಕರಿ ಎಲ್ಲ ಹೋಯಿತು ಎಂಬ ಸ್ಥಿತಿ ಎಷ್ಟೋ ವರ್ಷ ಇತ್ತು. ಆ ಪರೀಕ್ಷೆಗೆ ಅಲ್ಲಿನ ಜನ ಇಟ್ಟ ಹೆಸರು ‘ಕಬ್ಬಿಣದ ಬಾಗಿಲು’. ನಮ್ಮ ಎಸ್ಸೆಸ್ಸೆಲ್ಸಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಮನೆಗೆ ಬಂದರೂ ಬಿಡುವಿಲ್ಲ. ಅಕ್ಕಪಕ್ಕದ ಮಕ್ಕಳು ಪುಸ್ತಕ ಹಿಡಿದು ಜಗಲಿ ಮೇಲೆ ಕೂತಿರ್ತಾರೆ. ಕೂತಷ್ಟು ಹೊತ್ತು ಬಿಟ್ಟಿ ಟ್ಯೂಷನ್ನು. ಕರೆಂಟು ಇದ್ದರೆ ದೀಪ, ಇಲ್ಲದಿದ್ದರೆ ಬ್ಯಾಟರಿ.

ಪೀಸ್ ಕೋರ್‌ನಲ್ಲಿ ಮೊದಲು ಸುಮಾರು ಮೂರು ತಿಂಗಳು ಭಾಷೆ, ರೀತಿ ರಿವಾಜು ಕಲಿಸುತ್ತಾರೆ. ಆಮೇಲೆ ಎರಡು ವರ್ಷ ಊರಲ್ಲೇ ಇರಬೇಕು. ಕೊಡೋದು ಊರಿನವರ ಮಟ್ಟದಲ್ಲಿ ಬದುಕುವಷ್ಟು ಖರ್ಚಿನ ದುಡ್ಡು. ಮೊದಲ ವರ್ಷ ಮೇಷ್ಟ್ರೇ ವಿದ್ಯಾರ್ಥಿ: ಯಾವ ಮಗು ಹಸಿದು ಬರುತ್ತೆ, ಯಾವ ಮಗು ನಾಟಿ ಕಾಲದಲ್ಲಿ ಬರೋದಿಲ್ಲ ಅಂತ ತಿಳಿಯಲಿಕ್ಕೇ ಅಷ್ಟು ಕಾಲ ಬೇಕು. ಪಾಠ ನಾಟೋದು ಎರಡನೇ ವರ್ಷ.

ಗಿರಾಕಿ ಇದ್ದಲ್ಲಿ ಸರಕು

ಈಗ ಇನ್ನೊಂದು ಜಾತಿಯ ಮೇಷ್ಟ್ರಿಗೆ ಬರೋಣ. ಇವರು ಬರೋದು ಎರಡು ವಾರಕ್ಕೆ, ಮೂರು ವಾರಕ್ಕೆ. ಏಜೆಂಟರಿಗೆ ಕೈತುಂಬ ಹಣ ಕೊಟ್ಟು ಬರ್ತಾರೆ. ಬೆಳಿಗ್ಗೆ ಮಕ್ಕಳಿಗೆ ಹಾಡು, ಆಟ, ನಾಲ್ಕು ಇಂಗ್ಲಿಷ್ ಪದ. ಮಧ್ಯಾಹ್ನ ಊರು ಸುತ್ತಾಟ. ಕೊನೇ ದಿನ ಫೋಟೋ, ಅಳು, ಅಪ್ಪುಗೆ. ಅವರು ಹೋದ ಸೋಮವಾರಕ್ಕೆ ಇನ್ನೊಬ್ಬರು. ಮತ್ತೆ ಅದೇ ಎ ಬಿ ಸಿ ಡಿ!

ಮನಸ್ಸು ಒಳ್ಳೆಯದೇ, ಸಂಶಯವಿಲ್ಲ. ಆದರೆ ಒಳ್ಳೇ ಮನಸ್ಸಿನ ಹಿಂದೆ ಏನೇನು ನಡೆಯಬಹುದು ಎಂಬುದಕ್ಕೆ ಒಂದು ನಿಜ ಸಂಗತಿ ಕೇಳಿ. 2004ರಲ್ಲಿ ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ ಲೋಕ ಸುತ್ತಲು ಹೊರಟು, ಮೊದಲಿಗೆ ಕಾಠ್ಮಂಡು ಪಕ್ಕದ ಗೋದಾವರಿಯ ಒಂದು ಮಕ್ಕಳ ಮನೆಯಲ್ಲಿ ಸ್ವಯಂಸೇವಕನಾಗಿ ನಿಂತ. ಅನಾಥ ಮಕ್ಕಳು ಅಂತ ಆತನಿಗೆ ಹೇಳಿದ್ದರು. ಆಮೇಲೆ ನೋಡಿದರೆ ಮಕ್ಕಳಿಗೆ ತಂದೆತಾಯಿ ಇದ್ದಾರೆ! ಎಲ್ಲೋ ದೂರದ ಹುಮ್ಲಾ ಜಿಲ್ಲೆಯಲ್ಲಿ.

ಆಗ ನೇಪಾಳದಲ್ಲಿ 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದ ಕಾಲ. ‘ನಿಮ್ಮ ಮಕ್ಕಳನ್ನು ದಳದವರು ಎಳೆದುಕೊಂಡು ಹೋಗ್ತಾರೆ, ನಾವು ಪಟ್ಟಣದಲ್ಲಿ ಓದಿಸ್ತೀವಿ’ ಅಂತ ಹೇಳಿ, ದಲ್ಲಾಳಿಗಳು ತಾಯ್ತಂದೆಯರಿಂದಲೇ ದುಡ್ಡು ಕಿತ್ತು ಮಕ್ಕಳನ್ನು ತಂದಿದ್ದರು. ಗ್ರೆನ್ನನ್ ಆಮೇಲೆ ರಸ್ತೆ ಇಲ್ಲದ ಹುಮ್ಲಾದ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಆ ತಾಯ್ತಂದೆಯರನ್ನು ಹುಡುಕಿದ. ಮಕ್ಕಳನ್ನು ಮನೆಗೆ ಮುಟ್ಟಿಸಲಿಕ್ಕೆಂದೇ ಒಂದು ಸಂಸ್ಥೆ ಕಟ್ಟಿದ.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. ನೇಪಾಳದ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂಬುದು ಮತ್ತೆ ಮತ್ತೆ ಬೆಳಕಿಗೆ ಬಂದಿದೆ. ಅನಾಥಾಲಯಗಳು ಬಡತನ ಹೆಚ್ಚಿರುವ ಗುಡ್ಡಗಾಡಿನಲ್ಲಿ ಇಲ್ಲ. ಹೆಚ್ಚಿನವು ಕಾಠ್ಮಂಡು, ಪೋಖರಾ, ಚಿತ್ವನ್ ಕಡೆ ಇವೆ. ಅಂದರೆ ಪ್ರವಾಸಿಗಳು ಇಳಿಯುವ ಕಡೆ! ಅಂಗಡಿ ಇಟ್ಟವರಿಗೆ ಈ ಲೆಕ್ಕ ಥಟ್ಟನೆ ಹೊಳೆಯಬೇಕು. ಗಿರಾಕಿ ಓಡಾಡುವ ಬೀದಿಯಲ್ಲೇ ಅಲ್ಲವೇ ಅಂಗಡಿ ತೆರೆಯೋದು? ಇಲ್ಲಿ ಸರಕು ಮಾತ್ರ ಮಕ್ಕಳು. ಮಗು ದಪ್ಪಗಾದರೆ ಗಿರಾಕಿಯ ಕರುಣೆ ಕಡಿಮೆಯಾಗುತ್ತೆ. ಹಾಗಾಗಿ ಕೆಲವೆಡೆ ಮಗು ಸೊರಗಿದ್ದಷ್ಟೂ ಮಾಲೀಕನಿಗೆ ಲಾಭ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9000 ಜನ ಸತ್ತು, ಸಾವಿರಾರು ಶಾಲಾ ಕೋಣೆಗಳು ಕುಸಿದಾಗ, ದಲ್ಲಾಳಿಗಳು ಮತ್ತೆ ಎದ್ದಾರೆಂಬ ಭಯ ಸರ್ಕಾರಕ್ಕೆ ಬಂತು. ಹೊಸ ಮಕ್ಕಳ ಮನೆ ತೆರೆಯುವುದನ್ನು ತಡೆಯಿತು. ಪರವಾನಗಿ ಇಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸಕೂಡದು ಎಂದಿತು. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದೆಯೂ ದುಡಿಯುವಂತಿಲ್ಲ ಎಂಬ ಕಾನೂನೂ ಇದೆ. ಭಾರತದವರಿಗೆ ವೀಸಾ ಬೇಡ. ಅಷ್ಟಕ್ಕೇ ನಮ್ಮ ಮೇಲೆ ಹೊಣೆ ಇಲ್ಲ ಎನ್ನಲಾದೀತೆ?

ಹೊರಡುವ ಮೊದಲು ಕೇಳಿ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ‘ಹೊರಗಡೆ ಹೋಗಿ ಮಕ್ಕಳಿಗೆ ಪಾಠ ಹೇಳ್ತೀನಿ’ ಅಂದರೆ ಬೈಯಬೇಡಿ. ಅಂಥ ಬುದ್ಧಿ ಬರೋದೇ ಅಪರೂಪ. ಆದರೆ ಸಾಮಾನು ಕೊಳ್ಳುವಾಗ ಕೇಳುವಷ್ಟಾದರೂ ಪ್ರಶ್ನೆ ಕೇಳಿ. ಎಷ್ಟು ತಿಂಗಳು? ಅಲ್ಲಿನ ಭಾಷೆ ಕಲಿಸ್ತಾರೋ? ಊರ ಶಾಲೆಯೋ, ಅನಾಥಾಲಯವೋ? ಪಕ್ಕದಲ್ಲಿ ಊರಿನ ಮೇಷ್ಟ್ರು ಇರ್ತಾರೋ, ಇಲ್ಲ ಅವರನ್ನು ಬಿಡಿಸಿ ಇವರನ್ನು ಕೂರಿಸ್ತಾರೋ? ಕೊಟ್ಟ ಹಣದಲ್ಲಿ ಶಾಲೆಗೆ ಮುಟ್ಟೋದು ಎಷ್ಟು, ಏಜೆಂಟರ ಜೇಬಿಗೆ ಎಷ್ಟು?

ಉತ್ತರ ಸರಿ ಇದ್ದರೆ ಆಶೀರ್ವಾದ ಮಾಡಿ ಕಳಿಸಿ. ಇಲ್ಲವಾದರೆ, ಬಸ್ಸು ಹತ್ತಿ ಇಳಿಯುವಷ್ಟು ದೂರದಲ್ಲೇ ಮೇಷ್ಟ್ರಿಲ್ಲದ ಶಾಲೆ ಯಾವುದು ಎಂದು ಮೊದಲು ವಿಚಾರಿಸಲಿ. ಎಲ್ಲೇ ಆಗಲಿ, ಮಕ್ಕಳಿಗೆ ಬೇಕಾದ್ದು ಫೋಟೋ ಹಿಡಿಯುವ ಮೇಷ್ಟ್ರಲ್ಲ, ನಾಳೆಯೂ ಬರುವ ಮೇಷ್ಟ್ರು.