ಅವರೆ ಗಿಡಕ್ಕೆ ಕಾಲ ತಿಳಿಯುವುದು ಹೇಗೆ?

ಅಕ್ಕಾ, ಸೊಗಡಿನ ಅವರೆಕಾಯಿ ಬರುವುದು ಯಾವಾಗ? ಚಳಿಗಾಲದಲ್ಲಿ. ನಾಟಿ ಅವರೆಯನ್ನು ಜೂನ್‌ನಲ್ಲಿ ಬಿತ್ತಿ, ಆಗಸ್ಟ್‌ನಲ್ಲಿ ಬಿತ್ತಿ. ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಹೂ ಬಿಡುತ್ತದೆ. ಗಿಡಕ್ಕೆ ಕಾಲ ತಿಳಿಯುವುದು ಹೇಗೆ?

ಎಲೆಯೇ ಹಗಲು ರಾತ್ರಿಗಳನ್ನು ಅಳೆಯುತ್ತದೆ. ಬೆಂಗಳೂರಿನ ಕಡೆ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ. ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ. ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ ಎಲೆಯಲ್ಲಿ ಒಂದು ವಸ್ತು ಹುಟ್ಟುತ್ತದೆ. ಅದು ಕುಡಿಗೆ ಹೋಗುತ್ತದೆ. “ಎಲೆ ಸಾಕು, ಇನ್ನು ಹೂ ಬಿಡು” ಎಂದು ಹೇಳಿದ ಹಾಗೆ.

ಈ ಗುಣ ಬೀಜದಲ್ಲೇ ಇರುತ್ತದೆ. ತಾಯಿಯ ಮೂಗು ಮಗಳಿಗೆ ಬರುತ್ತದಲ್ಲ, ಹಾಗೆ. ಗುಣವನ್ನು ಹೊತ್ತು ತರುವ ಇದಕ್ಕೆ ವಂಶವಾಹಿ ಎನ್ನುತ್ತಾರೆ. ಜೀನ್ ಎಂದರೂ ಇದೇ.

ನಾಟಿ ಅವರೆಯನ್ನು ಬೇಸಿಗೆಯಲ್ಲಿ ಬಿತ್ತಿದರೆ ಏನಾಗುತ್ತೆ? ಬಳ್ಳಿ ಸೊಂಪಾಗಿ ಹಬ್ಬುತ್ತೆ. ಹಗಲು ಕಿರಿದಾಗುವ ತನಕ ಕಾಯಿ ಮಾತ್ರ ಇಲ್ಲ. ನೀರು, ಗೊಬ್ಬರ, ಕೂಲಿ ಎಲ್ಲ ದಂಡ. ಯಾರ ಕಣ್ಣೂ ತಾಗಿಲ್ಲ. ಗಿಡದ ತಪ್ಪೂ ಅಲ್ಲ. ಹಗಲು ಉದ್ದ ಇದೆ, ಅಷ್ಟೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಇವು ಹಗಲಿನ ಲೆಕ್ಕ ಇಡುವುದಿಲ್ಲ. ನೀರಿದ್ದರೆ ಬೇಸಿಗೆಯಲ್ಲೂ ಹೂ ಬಿಡುತ್ತವೆ.

ಬೀಜ ತರುವಾಗ ಚೀಲದ ಮೇಲಿನ ಚೀಟಿ ಓದಿ. ಈಗ ನಿಮಗೆ ಓದಲು ಬರುತ್ತದಲ್ಲ! “ಇದು ಯಾವ ತಳಿ? ಯಾವ ಕಾಲಕ್ಕೆ?” ಎಂದು ಕೇಳಿ. ಆಮೇಲೆ ಬಿತ್ತಿ.