ಗುತ್ತಿಗೆ ಮುಗಿದರೆ ದುಡಿದವನ ಹಕ್ಕೂ ಮುಗಿಯಿತೇ?

ಪರಸ್ಥಳದಲ್ಲಿ ಹೊಟ್ಟೆ ಹೊರೆಯುವ ನಮ್ಮವರಲ್ಲಿ ಅನೇಕರು ಇಂದು ಒಬ್ಬರ ಕಟ್ಟಡದಲ್ಲಿ ದುಡಿದು ಇನ್ನೊಬ್ಬರಿಂದ ಸಂಬಳ ಪಡೆಯುವವರು. ಬ್ಯಾಂಕಿನ ಬಾಗಿಲ ಕಾವಲುಗಾರ, ಆಸ್ಪತ್ರೆಯ ನೆಲ ಒರೆಸುವ ಹೆಂಗಸು, ಕಾರಖಾನೆಯ ಕ್ಯಾಂಟೀನಿನಲ್ಲಿ ಬಡಿಸುವ ಹುಡುಗ, ಕಾಲ್ ಸೆಂಟರಿನಲ್ಲಿ ರಾತ್ರಿಯಿಡೀ ಮಾತನಾಡುವ ಪದವೀಧರ, ಇಂಥವರ ಧಣಿ ಹಲವೆಡೆ ಗುತ್ತಿಗೆದಾರನೇ. ಆ ಗುತ್ತಿಗೆ ನವೀಕರಣಗೊಳ್ಳದ ದಿನ, "ನಾಳೆಯಿಂದ ಬರಬೇಡಿ" ಎಂಬ ಒಂದೇ ಮಾತಿನಿಂದ ಒಂದು ಸಂಸಾರದ ಒಲೆ ಆರುವುದುಂಟು. ಆಗ ಸರಕಾರದ ಆಸರೆ ಏನಿದೆಯೆಂಬುದನ್ನು ವಾಚಕರು ತಿಳಿದಿರುವುದು ಒಳಿತು.

ಮೊದಲನೆಯದಾಗಿ, ಇಲ್ಲಿರುವುದು ಎರಡು ಕರಾರುಗಳು. ಕಂಪೆನಿಗೂ ಗುತ್ತಿಗೆದಾರನಿಗೂ ಇರುವುದು ಒಂದು; ಗುತ್ತಿಗೆದಾರನಿಗೂ ನೌಕರನಿಗೂ ಇರುವುದು ಇನ್ನೊಂದು. ಒಂದು ಮುಗಿದ ಮಾತ್ರಕ್ಕೆ ಇನ್ನೊಂದು ತಾನಾಗಿ ಮುಗಿಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ, ಒಂದು ವರ್ಷ ಎಡೆಬಿಡದೆ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅದಕ್ಕೆ ಬದಲಾಗಿ ಸಂಬಳ, ಮತ್ತು ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದ ಪರಿಹಾರ ಸಲ್ಲತಕ್ಕದ್ದು. ಇದರ ಮೇಲೆ ಹೊಸ ಕಸಬು ಕಲಿಯಲೆಂದು ಇನ್ನೂ 15 ದಿನಗಳ ವೇತನವನ್ನು ಮಾಲಿಕನು ನಿಧಿಗೆ ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬುದು ವೇತನ ಸಂಹಿತೆಯ ವಿಧಿ. ಗುತ್ತಿಗೆದಾರನು ಕೈಯೆತ್ತಿದರೆ ಸಂಬಳದ ಹೊಣೆ ಮೂಲ ಸಂಸ್ಥೆಯ ಮೇಲೆ ಬೀಳುತ್ತದೆ.

ಆದರೆ ನೇಮಕಪತ್ರದಲ್ಲಿ ಇಂತಿಷ್ಟೇ ಅವಧಿಯೆಂದು ಬರೆದಿದ್ದರೆ, ಆ ಅವಧಿ ತೀರುವುದು ಹೆಚ್ಚುವರಿ ವಜಾ ಎನಿಸದು, ಪರಿಹಾರವೂ ಇಲ್ಲ. ಅಂಥವರಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಉಂಟೆಂಬುದಷ್ಟೇ ಸಮಾಧಾನ. ಆದುದರಿಂದ ಸಹಿ ಹಾಕುವ ಮೊದಲು ಓದಿರಿ. ಒಂದು ಪ್ರತಿಯನ್ನು ಮನೆಯಲ್ಲಿಡಿರಿ.

ಇ.ಎಸ್.ಐ. ವಿಮೆಯಲ್ಲಿರುವವರಿಗಾಗಿ 2018ರಲ್ಲಿ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಆರಂಭವಾಯಿತು. 2020ರಲ್ಲಿ ಅದರ ನೆರವನ್ನು ಸರಾಸರಿ ದಿನಗಳಿಕೆಯ ಶೇಕಡಾ 25ರಿಂದ 50ಕ್ಕೆ ಏರಿಸಲಾಯಿತು; ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಕಾಲಕಾಲಕ್ಕೆ ಅವಧಿ ವಿಸ್ತರಿಸುತ್ತ ಬಂದ ಯೋಜನೆಯಾದುದರಿಂದ ಹತ್ತಿರದ ಶಾಖಾ ಕಚೇರಿಯಲ್ಲಿ ವಿಚಾರಿಸಿಯೇ ಅರ್ಜಿ ಹಾಕುವುದು ಲೇಸು. ಭವಿಷ್ಯನಿಧಿಯ ಸಂಖ್ಯೆಯಂತೂ ನೌಕರನದೇ. ಗುತ್ತಿಗೆದಾರ ಬದಲಾದರೂ ಅದು ಬದಲಾಗದು.

ಬ್ರಿಟನ್ನಿನಲ್ಲಿ 2006ರ ನಿಯಮಗಳಂತೆ, ಸೇವೆಯ ಗುತ್ತಿಗೆ ಕೈಬದಲಾದಾಗ ಆ ಕೆಲಸಕ್ಕೆಂದೇ ಇದ್ದ ನೌಕರರು ಸಾಮಾನ್ಯವಾಗಿ ಹಳೆಯ ಷರತ್ತುಗಳ ಮೇಲೆಯೇ ಹೊಸ ಗುತ್ತಿಗೆದಾರನ ಬಳಿಗೆ ಸಾಗುತ್ತಾರೆ. ನಮ್ಮಲ್ಲಿ ಆ ರಕ್ಷಣೆಯಿಲ್ಲ. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೂ ಕಾರ್ಮಿಕರು ತಾವಾಗಿ ಮೂಲ ಸಂಸ್ಥೆಯ ನೌಕರರಾಗರು ಎಂದು ತೀರ್ಪಿತ್ತಿತು. ಹತ್ತು ವರ್ಷ ಒಂದೇ ಬಾಗಿಲು ಕಾದವನು ಹೊಸ ಗುತ್ತಿಗೆದಾರನ ಮುಂದೆ ಹೊಸಬನಾಗಿ ಕೈಕಟ್ಟಿ ನಿಲ್ಲಬೇಕು. ಕಾಯಿದೆಯಲ್ಲಿ ತುಂಬಬೇಕಾದ ಕೊರತೆ ಇದೇ.

ನಾನು ಹೋಟೆಲು ನಡೆಸಿದವನು. ಅಡುಗೆಯವನು, ಮಾಣಿ, ತಟ್ಟೆ ತೊಳೆಯುವವನು ಕೈಗೂಡಿಸದೆ ಒಂದು ದಿನವೂ ವ್ಯಾಪಾರ ಸಾಗದೆಂಬುದನ್ನು ಬಲ್ಲೆ. ಮಾಲಿಕನ ಕಷ್ಟವೂ ನಿಜವೇ. ಆದರೆ ಕಷ್ಟದ ಮೊದಲ ಪಾಲನ್ನು ಅತ್ಯಂತ ಬಡವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೋಟೆಲು ಹುಡುಗರಿಗಾಗಿ ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದ ಸಮಾಜ ನಮ್ಮದು. ಪ್ರತಿ ಕನ್ನಡ ಸಂಘವೂ ವಾರಕ್ಕೊಂದು ಸಂಜೆ ಮೇಜೊಂದನ್ನು ಹಾಕಿ, ಬಲ್ಲವರೊಬ್ಬರನ್ನು ಕೂರಿಸಿ, ಇಂತಹ ಅರ್ಜಿಗಳನ್ನು ತುಂಬಿಸಿಕೊಡಬಾರದೇ? ಸರಕಾರ ಕೊಡಲೊಪ್ಪಿದ್ದನ್ನೂ ಅರಿಯದೆ ಕಳೆದುಕೊಳ್ಳುವ ದುರ್ಗತಿ ನಮ್ಮವರಿಗೆ ಬಾರದಿರಲಿ.