ಕಯಾಕ್ ಕ್ಲಬ್ಬಿನಲ್ಲಿ ಗ್ರಾಹಕರಿಲ್ಲ

ಕೋಡಿ ಬೆಂಗ್ರೆ ಕಡೆಯ ಹಿನ್ನೀರಿನಲ್ಲಿ ಒಂದು ಸಣ್ಣ ಕಯಾಕ್ ಕ್ಲಬ್ ಸೇರಿದ ಮೊದಲ ದಿನ, ಹುಟ್ಟು ಹಾಕೋದು ಹೇಗೆ ಅಂತ ಹೇಳಿಕೊಡುವ ಮೊದಲೇ ನನ್ನನ್ನು ದೋಣಿ ಸಮೇತ ಮಗುಚಿ ಹಾಕಿದರು. ತಲೆ ಕೆಳಗೆ, ಮೂಗಿನ ತುಂಬ ಉಪ್ಪುನೀರು. ಸೊಂಟದ ಸುತ್ತ ಬಿಗಿದಿದ್ದ ಸ್ಪ್ರೇ ಸ್ಕರ್ಟಿನ ಪಟ್ಟಿ ಎಳೆದು ಹೊರಬಂದೆ. "ಇದೊಂದು ಬಂದ್ರೆ ಉಳಿದದ್ದೆಲ್ಲ ಬರ್ತದೆ ಮಾರಾಯ್ರೆ" ಅಂದರು ಕಲಿಸುವವರು.

ಮೊದಲು ಒಂದು ಗೊಂದಲ ಬಗೆಹರಿಸೋಣ. ಕಯಾಕಿನಲ್ಲಿ ಕಾಲು ಚಾಚಿ ಕೂತು, ಎರಡೂ ತುದಿಗೆ ಹಲಗೆ ಇರುವ ಹುಟ್ಟು ಹಾಕ್ತೀವಿ. ಕನೂ ಸ್ಪರ್ಧೆಗಳಲ್ಲಿ ಮೊಣಕಾಲೂರಿ, ಒಂದೇ ಹಲಗೆಯ ಹುಟ್ಟು. ಎರಡೂ 1936ರಿಂದ ಒಲಿಂಪಿಕ್ಸ್‌ನಲ್ಲಿವೆ. ಮಹಿಳೆಯರಿಗೆ 1948ರಲ್ಲಿ ಕಯಾಕ್ ಸಿಕ್ಕಿತು. ಕನೂ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಂದರೆ 85 ವರ್ಷ ಕಾಯಬೇಕಾಯ್ತು! ನೀರಿಗೆ ಯಾರು ಇಳಿಯಬಹುದು ಅನ್ನೋದು ಎಲ್ಲ ಕಡೆಯೂ ಯಾರೋ ಕೂತು ತೀರ್ಮಾನಿಸಿದ ವಿಷಯವೇ.

ಟೈಮ್ ಟೇಬಲ್ ಬರೆಯೋದು ಸಮುದ್ರ

ನಮ್ಮ ಭಾನುವಾರಕ್ಕೆ ಖಾಯಂ ಸಮಯ ಇಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಏರುವಾಗ ಕಾಂಡ್ಲಾ ವನದ ಒಳಕ್ಕೆ ಹೋಗಿ, ಇಳಿತದ ಜೊತೆ ವಾಪಸ್ ಬರ್ತೀವಿ. ಇಳಿತ ಜೋರಾದಾಗ ಅಳಿವೆಯ ಹತ್ತಿರ ಯಾರೂ ಹೋಗುವಂತಿಲ್ಲ, ಆ ನೀರು ಸೀದಾ ಕಡಲಿಗೆ ಎಳೆಯುತ್ತದೆ.

ಹೊರಡುವ ಮುಂಚೆ ಪುಸ್ತಕದಲ್ಲಿ ಹೆಸರು, ಹೊರಟ ಹೊತ್ತು. ಮುಂದೊಬ್ಬರು ಅನುಭವಿ, ಕೊನೆಗೊಬ್ಬರು ಅನುಭವಿ. ಯಾರಾದರೂ ಮಗುಚಿದರೆ ಪಕ್ಕದವರು ಆ ದೋಣಿಯ ಮೂತಿಯನ್ನು ತಮ್ಮ ದೋಣಿಯ ಮೇಲೆ ಎಳೆದುಕೊಂಡು, ನೀರು ಸುರಿಸಿ, ನೆಟ್ಟಗೆ ಮಾಡಿ, ಹತ್ತುವವರೆಗೂ ಹಿಡಿದಿರಬೇಕು. ಬಲೆ ಬಿಟ್ಟ ಕಡೆ, ಚಿಪ್ಪು ಹೆಕ್ಕುವವರು ಇರುವ ಕಡೆ ದೂರದಿಂದ ಸುತ್ತಿ ಹೋಗಬೇಕು. ಅದು ಅವರ ದುಡಿಮೆಯ ಜಾಗ. ವಾಪಸ್ ಬಂದ ಮೇಲೆ ದೋಣಿಗಳನ್ನು ಸಿಹಿನೀರಲ್ಲಿ ತೊಳೆಯುವ ಪಾಳಿ. ಇದರಿಂದ ಅಧ್ಯಕ್ಷರಿಗೂ ವಿನಾಯಿತಿ ಇಲ್ಲ.

ಏಳು ಜನ, ಒಂದು ಲೆಕ್ಕದ ಪುಸ್ತಕ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಸೇರಿದರೆ ಸಂಘ ಕಟ್ಟಬಹುದು. ನಿಯಮಾವಳಿ ಬೇಕು, ವರ್ಷಕ್ಕೊಂದು ಸಾಮಾನ್ಯ ಸಭೆ ಬೇಕು, ಲೆಕ್ಕ ಒಪ್ಪಿಸಬೇಕು. ಕೇಳೋಕೆ ಬೋರಿಂಗ್, ನಿಜ. ಆದರೆ ಕ್ಲಬ್ಬಿಗೂ ಬಾಡಿಗೆ ಅಂಗಡಿಗೂ ಇರುವ ವ್ಯತ್ಯಾಸ ಇದೇ. ಅಂಗಡಿಯಲ್ಲಿ ನಾನು ದುಡ್ಡು ಕೊಟ್ಟು ಒಂದು ಗಂಟೆ ಕೊಳ್ಳುತ್ತೇನೆ. ಇಲ್ಲಿ ನನಗೆ ಪಾಳಿ ಇದೆ, ಜೊತೆಗೆ ಒಂದು ವೋಟೂ ಇದೆ.

ಆ ವೋಟಿನ ಬೆಲೆ ಗೊತ್ತಾದದ್ದು ಕಳೆದ ಮಳೆಗಾಲದ ಸಭೆಯಲ್ಲಿ. ಅರ್ಧದಷ್ಟು ಲೈಫ್ ಜಾಕೆಟ್‌ಗಳ ಫೋಮ್ ಗಟ್ಟಿಯಾಗಿ, ತೇಲುವ ಶಕ್ತಿ ಹೋಗಿತ್ತು. ಹೊಸದಕ್ಕೆ ದುಡ್ಡಿರಲಿಲ್ಲ. ಇಂಜಿನಿಯರಿಂಗ್ ಓದಿದವನಲ್ವಾ, ನಾನು ಎಕ್ಸೆಲ್ ಶೀಟ್ ಹಿಡಿದು ಹೋಗಿದ್ದೆ: ಶನಿವಾರ, ಭಾನುವಾರ ಎಲ್ಲ ದೋಣಿಗಳನ್ನೂ ಟೂರಿಸ್ಟರಿಗೆ ಬಾಡಿಗೆಗೆ ಕೊಟ್ಟರೆ ಒಂದೇ ಸೀಸನ್‌ನಲ್ಲಿ ಸಮಸ್ಯೆ ಮುಗೀತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಚಿಪ್ಪು ಹೆಕ್ಕುವ ಮನೆಯ ಹುಡುಗಿಯೊಬ್ಬಳು, ಪಿಯುಸಿ ಮುಗಿಸಿ ಸದಸ್ಯಳಾದವಳು, ಎದ್ದು ಕೇಳಿದಳು: "ಅಣ್ಣ, ನಂಗೆ ರಜೆ ಇರೂದೇ ಭಾನುವಾರ. ಆಗ ನಾನು ದಡದಲ್ಲಿ ನಿಂತು ನೋಡೂದಾ?"

ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಮತ ಹಾಕಿದೆವು, ನಾನು ಸೋತೆ. ಬಾಡಿಗೆ ಶನಿವಾರ ಮಾತ್ರ, ಅದೂ ನಾಲ್ಕೇ ದೋಣಿ, ಜೊತೆಗೊಬ್ಬ ಸದಸ್ಯ. ಸಂಬಳ ಬರುವವರ ಶುಲ್ಕ ಹೆಚ್ಚು, ವಿದ್ಯಾರ್ಥಿಗಳಿಗೆ ಹಳೆಯದೇ. ಹಳೆ ಜಾಕೆಟ್‌ಗಳನ್ನು ಅವತ್ತೇ ಕತ್ತರಿಸಿ ಹಾಕಿದೆವು. ಹೊಸದು ಬರುವವರೆಗೆ ಇದ್ದಷ್ಟು ಜಾಕೆಟ್, ಅಷ್ಟೇ ಜನ ನೀರಿಗೆ.

ನದಿ, ಕಡಲತೀರದಂಥ ಸಂಪತ್ತಿಗೆ ಸರ್ಕಾರ ಟ್ರಸ್ಟಿ ಮಾತ್ರ, ಅದು ಜನರಿಗೆ ಸೇರಿದ್ದು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ, ಬಿಯಾಸ್ ನದಿಯ ಪ್ರಕರಣದಲ್ಲೇ ಹೇಳಿದೆ. ಒಳ್ಳೆಯ ಮಾತು. ಆದರೆ ತೀರ್ಪಿನ ಪ್ರತಿ ಹಿಡಿದು ಯಾರೂ ನೀರಿಗೆ ಇಳಿಯೋಕಾಗಲ್ಲ. ಅದಕ್ಕೆ ದೋಣಿ ಬೇಕು, ಜಾಕೆಟ್ ಬೇಕು, ಮಗುಚಿದರೆ ಎತ್ತುವ ಪಕ್ಕದವರು ಬೇಕು. ಆಮೇಲೆ, ನಮ್ಮಂಥವರು ಎಕ್ಸೆಲ್ ಶೀಟ್ ತಂದಾಗ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕಿರುವ ಒಬ್ಬ ಸದಸ್ಯೆ ಬೇಕು.

ಈಗ ನಮ್ಮಲ್ಲಿ ಹೊಸಬರನ್ನು ಮಗುಚಿ ಹಾಕುವ ಕೆಲಸ ಅವಳದ್ದೇ.